ಲಂಡನ್–ಸಿಡ್ನಿ ವಿಮಾನ ಮಾರ್ಗ

ಲಂಡನ್ ಮತ್ತು ಸಿಡ್ನಿ ನಡುವಿನ ನೇರ ವಾಯುದೂರ ಸುಮಾರು 17,000 ಕಿಲೋಮೀಟರ್. ‘ಕಾಂಗರೂ ಮಾರ್ಗ’ವೆಂದು ಹೆಸರಾದ ಈ ದಾರಿಯಲ್ಲಿ ಒಮ್ಮೆ ತಿಂಗಳು ಹಿಡಿಯುತ್ತಿದ್ದ ಪ್ರಯಾಣ ಇಂದು ಒಂದು ದಿನದಲ್ಲಿ ಮುಗಿಯುತ್ತದೆ. ವಿಮಾನಗಳ ವೇಗ ಹೆಚ್ಚಿದ್ದಷ್ಟೇ ಇದಕ್ಕೆ ಕಾರಣವಲ್ಲ. ನಡುವೆ ನೆಲದ ಮೇಲೆ ಕಳೆಯುತ್ತಿದ್ದ ಹೊತ್ತು ಕರಗಿದ್ದೇ ಈ ಮಾರ್ಗದ ನಿಜವಾದ ಚರಿತ್ರೆ.

1919ರಲ್ಲಿ ಆಸ್ಟ್ರೇಲಿಯಾ ಸರ್ಕಾರ, ಬ್ರಿಟನ್ನಿನಿಂದ 30 ದಿನದೊಳಗೆ ಹಾರಿಬರುವ ಆಸ್ಟ್ರೇಲಿಯನ್ನರಿಗೆ 10,000 ಪೌಂಡ್ ಬಹುಮಾನ ಸಾರಿತು. ರಾಸ್ ಸ್ಮಿತ್, ಕೀತ್ ಸ್ಮಿತ್ ಸಹೋದರರು ಇಬ್ಬರು ಮೆಕ್ಯಾನಿಕ್‌ಗಳೊಂದಿಗೆ ವಿಕರ್ಸ್ ವಿಮಿ ವಿಮಾನದಲ್ಲಿ ನವೆಂಬರ್ 12ರಂದು ಲಂಡನ್ ಬಳಿಯ ಹೌನ್ಸ್ಲೋದಿಂದ ಹೊರಟು ಡಿಸೆಂಬರ್ 10ರಂದು ಡಾರ್ವಿನ್ ಮುಟ್ಟಿದರು. ಅದರಲ್ಲಿ ಹಾರಾಟ ಸುಮಾರು 135 ಗಂಟೆ ಮಾತ್ರ. ಉಳಿದದ್ದೆಲ್ಲ ರಿಪೇರಿ, ಇಂಧನ, ನಿದ್ದೆ, ಹವೆಯ ಕಾಯುವಿಕೆ. ಜಾವಾದ ಸುರಬಯಾದಲ್ಲಿ ಚಕ್ರಗಳು ಕೆಸರಲ್ಲಿ ಹೂತಾಗ ಊರಿನವರು ಬಿದಿರಿನ ಚಾಪೆಗಳನ್ನು ತಂದು ಹಾಸಿ ಓಡುದಾರಿ ಮಾಡಿಕೊಟ್ಟರು. ಬಹುಮಾನದ ಕಥೆ ಹೇಳುವಾಗ ಆ ಚಾಪೆಗಳನ್ನೂ ನೆನೆಯಬೇಕು.

1938ರಲ್ಲಿ ಸೌತಾಂಪ್ಟನ್ ಮತ್ತು ಸಿಡ್ನಿ ನಡುವೆ ನೀರಿನ ಮೇಲಿಳಿಯುವ ದೋಣಿ ವಿಮಾನಗಳು ಬಂದವು. ಕರಾಚಿ, ಅಲಹಾಬಾದ್, ಕಲ್ಕತ್ತಾಗಳಲ್ಲಿ ಇಳಿದೇರುತ್ತ, ರಾತ್ರಿ ಹೋಟೆಲುಗಳಲ್ಲಿ ತಂಗುತ್ತ ಪ್ರಯಾಣಿಕರು ಹತ್ತು ದಿನದ ಆಸುಪಾಸಿನಲ್ಲಿ ತಲುಪುತ್ತಿದ್ದರು.

1942ರಲ್ಲಿ ಸಿಂಗಾಪುರ ಜಪಾನಿನ ವಶವಾದಾಗ ಈ ದಾರಿ ತುಂಡಾಯಿತು. ಅದನ್ನು ಮತ್ತೆ ಬೆಸೆದದ್ದು ಈ ಚರಿತ್ರೆಯ ಅತ್ಯಂತ ಧೀರ ಅಧ್ಯಾಯ. 1943ರಿಂದ 1945ರವರೆಗೆ ಆಸ್ಟ್ರೇಲಿಯಾದ ವಿಮಾನ ಸಂಸ್ಥೆ ಕ್ವಾಂಟಸ್‌ನ ಕ್ಯಾಟಲೀನಾ ದೋಣಿ ವಿಮಾನಗಳು ಪರ್ತ್‌ನಿಂದ ಸಿಲೋನಿನ ಕೊಗ್ಗಲ ಸರೋವರಕ್ಕೆ ಹಿಂದೂ ಮಹಾಸಾಗರದ ಮೇಲೆ ಎಲ್ಲೂ ನಿಲ್ಲದೆ ಹಾರಿದವು. ಶತ್ರುವಿಗೆ ಸುಳಿವು ಸಿಗದಂತೆ ರೇಡಿಯೊ ಮೌನ. ನಕ್ಷತ್ರ ನೋಡಿ ದಿಕ್ಕು ಹಿಡಿಯಬೇಕು. ಇಂಧನದ ಭಾರಕ್ಕೆ ಮೂವರಿಗಿಂತ ಹೆಚ್ಚು ಪ್ರಯಾಣಿಕರಿಗೆ ಜಾಗವಿರಲಿಲ್ಲ. ಹಾರಾಟ ಸುಮಾರು 27ರಿಂದ 33 ಗಂಟೆ ಹಿಡಿಯುತ್ತಿದ್ದುದರಿಂದ ಒಳಗಿದ್ದವರು ಎರಡು ಸೂರ್ಯೋದಯ ಕಾಣುತ್ತಿದ್ದರು. 271 ಬಾರಿ ಸಾಗರ ದಾಟಿದರೂ ಒಂದು ವಿಮಾನವೂ ನಷ್ಟವಾಗಲಿಲ್ಲ.

1947ರ ಡಿಸೆಂಬರ್ 1ರಂದು ಲಾಕ್‌ಹೀಡ್ ಕಾನ್‌ಸ್ಟಲೇಷನ್ ವಿಮಾನ 29 ಪ್ರಯಾಣಿಕರೊಂದಿಗೆ ಸಿಡ್ನಿಯಿಂದ ಹೊರಟು ಡಾರ್ವಿನ್, ಸಿಂಗಾಪುರ, ಕಲ್ಕತ್ತಾ, ಕರಾಚಿ, ಕೈರೋ, ಟ್ರಿಪೊಲಿ ಮೂಲಕ ನಾಲ್ಕು ದಿನದಲ್ಲಿ ಲಂಡನ್ ಸೇರಿತು. 1959ರಲ್ಲಿ ಬೋಯಿಂಗ್ 707 ಜೆಟ್ ಬಂದಿತು. ಮುಂದೆ 747-400 ಬಂದ ಮೇಲೆ ನಿಲುಗಡೆ ಒಂದಕ್ಕೇ ಇಳಿಯಿತು.

ನಿಲ್ಲದೆ ಹಾರಬಹುದೆಂದು 1989ರ ಆಗಸ್ಟ್‌ನಲ್ಲೇ ಒಂದು 747-400 ತೋರಿಸಿತ್ತು: ಲಂಡನ್‌ನಿಂದ ಸಿಡ್ನಿಗೆ 20 ಗಂಟೆ 9 ನಿಮಿಷ. ಟಿಕೆಟ್ ಪಡೆದ ಪ್ರಯಾಣಿಕರಿರಲಿಲ್ಲ. ಇಂಧನ ಉಳಿಸಲೆಂದು ವಿಮಾನವನ್ನು ರನ್‌ವೇವರೆಗೆ ಎಳೆದೊಯ್ದರು. 2018ರ ಮಾರ್ಚ್‌ನಲ್ಲಿ 14,498 ಕಿಲೋಮೀಟರ್ ದೂರದ ಪರ್ತ್–ಲಂಡನ್ ನೇರ ಸೇವೆ ಆರಂಭವಾಯಿತು. ಇದರಲ್ಲಿ ಲಂಡನ್‌ಗೆ ಹೋಗುವ ಹಾದಿಯೇ ದೀರ್ಘ, ಸುಮಾರು 17 ಗಂಟೆ. ಪಶ್ಚಿಮದಿಂದ ಬೀಸುವ ಮೇಲುಸ್ತರದ ಗಾಳಿ ಹೋಗುವಾಗ ಎದುರಾಗಿ, ಬರುವಾಗ ನೆರವಾಗುತ್ತದೆ.

2019ರಲ್ಲಿ ಬೋಯಿಂಗ್ 787ರ ಪರೀಕ್ಷಾ ಹಾರಾಟ ಲಂಡನ್–ಸಿಡ್ನಿ ದೂರವನ್ನು 19 ಗಂಟೆ 19 ನಿಮಿಷದಲ್ಲಿ ಕ್ರಮಿಸಿತು. ನಿತ್ಯಸೇವೆಗಾಗಿ 2022ರಲ್ಲಿ ಕ್ವಾಂಟಸ್ 12 ಏರ್‌ಬಸ್ ಎ350-1000 ವಿಮಾನಗಳಿಗೆ ಆದೇಶ ಕೊಟ್ಟಿತು. ಯೋಜನೆಯ ಹೆಸರು ‘ಪ್ರಾಜೆಕ್ಟ್ ಸನ್‌ರೈಸ್’, ಯುದ್ಧಕಾಲದ ಆ ಹಾರಾಟಗಳ ನೆನಪಿಗೆ. ಅಷ್ಟು ದೂರಕ್ಕೆ ಸಾಲುವಂತೆ ಹೆಚ್ಚುವರಿ ಇಂಧನ ಟ್ಯಾಂಕ್ ಇಟ್ಟು, ಸೀಟುಗಳನ್ನು 238ಕ್ಕೆ ಮಿತಿಗೊಳಿಸಲಾಗಿದೆ.