ಶಾವಿಗೆ ಬರುವ ಮೊದಲಿನ ಜಾಪ್ಚೆ

ಗೆಣಸಿನ ಪಿಷ್ಟದ ಪಾರದರ್ಶಕ ಶಾವಿಗೆಯನ್ನು ತರಕಾರಿ, ಅಣಬೆ, ಮಾಂಸಗಳೊಡನೆ ಬಾಡಿಸಿ ಕೊರಿಯಾದ ಮನೆಗಳಲ್ಲಿ ಹುಟ್ಟುಹಬ್ಬಕ್ಕೂ ಮದುವೆಗೂ ಬಡಿಸುವ ಜಾಪ್ಚೆ ಎಂಬ ಖಾದ್ಯದಲ್ಲಿ ಸುಮಾರು ಮೂರು ಶತಮಾನಗಳ ಕಾಲ ಶಾವಿಗೆಯೇ ಇರಲಿಲ್ಲ. ಚೋಸನ್ ರಾಜವಂಶದ ದೊರೆ ಗ್ವಾಂಗ್‌ಹೇಗುನ್‌ನ ಆಳ್ವಿಕೆಯಲ್ಲಿ (1608–1623) ಯಿ ಚುಂಗ್ ಎಂಬ ಅಧಿಕಾರಿ ರುಚಿಯಾದ ಖಾದ್ಯಗಳನ್ನು ಅರಮನೆಗೆ ಒಪ್ಪಿಸಿ ಅರಸನ ಕೃಪೆಗೆ ಪಾತ್ರನಾಗಿ ಹಣಕಾಸಿನ ಮಂತ್ರಿಪದವಿಗೇರಿದನೆಂದೂ, ಜನರು ಅವನನ್ನು ಜಾಪ್ಚೆಯ ಹೆಸರಿನಿಂದಲೇ ಆಡಿಕೊಂಡರೆಂದೂ ಆ ಕಾಲದ ದಾಖಲೆಗಳಿಂದ ತಿಳಿದುಬರುತ್ತದೆ.

ಅಂದಿನ ಅಡುಗೆಯ ಸ್ವರೂಪವನ್ನು ಸ್ಪಷ್ಟವಾಗಿ ಕಾಣಿಸುವುದು 1670ರ ಸುಮಾರಿಗೆ ಜಾಂಗ್ ಗ್ಯೆಹ್ಯಾಂಗ್ ಎಂಬಾಕೆ ಕೊರಿಯನ್ ಲಿಪಿಯಲ್ಲಿ ಬರೆದಿಟ್ಟ 'ಉಮ್ಶಿಕ್ ದಿಮಿಬಾಂಗ್' ಎಂಬ ಅಮೂಲ್ಯ ಪಾಕಗ್ರಂಥ. ಸೌತೆ, ಮೂಲಂಗಿ, ಅಣಬೆ, ಮೊಳಕೆಗಳನ್ನು ಉದ್ದುದ್ದ ಹೆಚ್ಚಿ, ಎಣ್ಣೆಯಲ್ಲಿ ಬಾಡಿಸಿ, ಫೆಸೆಂಟ್ ಹಕ್ಕಿಯ ಮಾಂಸವನ್ನು ಸೇರಿಸಿ, ಹಿಟ್ಟು ಕದಡಿ ಗಟ್ಟಿಮಾಡಿದ ಸಾರನ್ನು ಮೇಲೆ ಸುರಿಯುವ ಕ್ರಮ ಅದರಲ್ಲಿದೆ.

ಡಾಂಗ್‌ಮ್ಯನ್ ಎಂದು ಕರೆಯಲಾಗುವ ಚೀನೀ ಮೂಲದ ಪಿಷ್ಟದ ಶಾವಿಗೆಯು 1919ರಲ್ಲಿ ಸಾರಿವೋನ್ ಪಟ್ಟಣದಲ್ಲಿ ಕಾರ್ಖಾನೆ ಆರಂಭವಾದ ಮೇಲೆ ಸುಲಭವಾಗಿ ದೊರೆಯತೊಡಗಿ, ಕ್ರಮೇಣ ಖಾದ್ಯದ ಮುಖ್ಯ ಪದಾರ್ಥವೇ ಆಯಿತು. ಆದರೂ ಪ್ರತಿ ತರಕಾರಿಯ ಬಣ್ಣ ಮತ್ತು ಹದ ಕೆಡದಂತೆ ಅವನ್ನು ಬೇರೆಬೇರೆಯಾಗಿ ಬಾಡಿಸಿ, ಸೋಯಾ ಸಾಸ್, ಸಕ್ಕರೆ, ಎಳ್ಳೆಣ್ಣೆ ಬೆರೆಸಿದ ಶಾವಿಗೆಗೆ ಕೊನೆಯಲ್ಲಿ ಕೂಡಿಸುವ ತಾಳ್ಮೆಯ ಪದ್ಧತಿಯನ್ನು ಮನೆಯಡುಗೆಯವರು ಇಂದಿಗೂ ಪಾಲಿಸುತ್ತಾರೆ.