ತಂತಿ ಕೊಯ್ದ ಕಲ್ಲು: ಫ್ಲಾರೆನ್ಸಿನ ಶಿಲಾಚಿತ್ರಕಲೆ

ಅಗೇಟ್, ಜಾಸ್ಪರ್, ರಾಜಾವರ್ತವೆಂಬ ನೀಲಿಗಲ್ಲು ಮೊದಲಾದವುಗಳ ತೆಳು ಹಲ್ಲೆಗಳನ್ನು ಬೇಕಾದ ಆಕಾರಕ್ಕೆ ಕೊಯ್ದು, ಒಂದರ ಅಂಚಿಗೆ ಇನ್ನೊಂದರ ಅಂಚನ್ನು ಕೂಡಿಸಿ, ಬಣ್ಣದ ಹನಿಯನ್ನೂ ತಾಗಿಸದೆ ಹೂವು, ಹಣ್ಣು, ಹಕ್ಕಿಗಳ ಚಿತ್ರವನ್ನು ಮೂಡಿಸುವ ಕಲೆಯು ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಮೆದಿಚಿ ಮನೆತನದ ಆಶ್ರಯದಲ್ಲಿ ಪ್ರೌಢಿಮೆಗೆ ಬಂದಿತು. ಜೋಡಣೆ ಎಂಬ ಅರ್ಥದಲ್ಲಿ ಇದನ್ನು ‘ಕೊಮ್ಮೆಸ್ಸೊ’ ಎಂದೂ, ಬಳಸುವ ಗಟ್ಟಿ ಶಿಲೆಗಳನ್ನು ‘ಪಿಯೆತ್ರೆ ದೂರೆ’ ಎಂದೂ ಕರೆಯುತ್ತಾರೆ. ಗ್ರ್ಯಾಂಡ್ ಡ್ಯೂಕ್ ಒಂದನೆಯ ಫರ್ಡಿನಾಂಡೊ 1588ರಲ್ಲಿ ಇದಕ್ಕಾಗಿ ರಾಜಾಶ್ರಯದ ಕಾರ್ಯಾಗಾರಕ್ಕೆ ವ್ಯವಸ್ಥಿತ ರೂಪ ಕೊಟ್ಟನು.

ಈ ಕಲೆಯ ಕೀರ್ತಿ ಬಹುಪಾಲು ಆಶ್ರಯದಾತರಿಗೂ ನಕ್ಷೆ ಬರೆದ ಚಿತ್ರಕಾರರಿಗೂ ಸಂದಿದೆಯಾದರೂ, ಅದರ ನಿಜವಾದ ಜೀವಾಳ ಇರುವುದು ಅತಿ ಸರಳವಾದೊಂದು ಉಪಕರಣದಲ್ಲಿ. ಚೆಸ್ಟ್‌ನಟ್ ಮರದ ಕೊಂಬೆಯನ್ನು ಬಿಲ್ಲಿನಂತೆ ಬಾಗಿಸಿ, ಅದರ ಎರಡು ತುದಿಗಳ ನಡುವೆ ಕಬ್ಬಿಣದ ತಂತಿಯನ್ನು ಬಿಗಿದರೆ ಗರಗಸ ಸಿದ್ಧ, ಅದಕ್ಕೆ ಹಲ್ಲುಗಳಿಲ್ಲ. ಅಗೇಟಿನಂತಹ ಕಲ್ಲನ್ನು ಮೆದು ಕಬ್ಬಿಣ ಕತ್ತರಿಸಲಾರದು. ತಂತಿಗೂ ಕಲ್ಲಿಗೂ ನಡುವೆ ಮತ್ತೆ ಮತ್ತೆ ಊಡುವ, ನೀರಿನಲ್ಲಿ ಕಲಸಿದ ಕುರುಂದದ ಪುಡಿಯೇ ಕಲ್ಲನ್ನು ಸವೆಸುತ್ತ ಸಾಗುತ್ತದೆ, ತಂತಿಯು ಆ ಪುಡಿಗೆ ದಾರಿಯನ್ನು ಮಾತ್ರ ತೋರಿಸುತ್ತದೆ. ಕೆಲವೇ ಮಿಲಿಮೀಟರ್ ದಪ್ಪದ ಹಲ್ಲೆಯ ಮೇಲೆ ಕಾಗದದ ನಕ್ಷೆಯನ್ನು ಅಂಟಿಸಿ, ಹಲ್ಲೆಯನ್ನು ಹಿಡಿಕೆಯಲ್ಲಿ ಬಿಗಿದು, ಗೆರೆಯ ಬಳುಕನ್ನು ಅನುಸರಿಸಿ ಬಿಲ್ಲನ್ನು ಹಿಂದೆ ಮುಂದೆ ಎಳೆಯುವ ಕುಶಲಕರ್ಮಿಯು ಅಂಚನ್ನು ತುಸು ಓರೆಯಾಗಿ ಕೊಯ್ಯುತ್ತಾನೆ. ತುಂಡುಗಳು ಮೇಲ್ಮೈಯಲ್ಲಿ ಸಂದು ಕಾಣದಂತೆ ಕೂಡಿಕೊಳ್ಳುವುದೂ, ಹಿಂಬದಿಯಲ್ಲಿ ಅಂಟಿಗೆ ಎಡೆ ಉಳಿಯುವುದೂ ಈ ಓರೆಯಿಂದಲೇ. ಕೊಯ್ಯುವ ಮೊದಲೇ ಎಸಳಿನ ನೆರಳಿಗೋ ಹಣ್ಣಿನ ಕೆಂಪಿಗೋ ಹೊಂದುವ ಕಲೆಯನ್ನು ಶಿಲೆಯ ಸಹಜ ಬಣ್ಣಗಳಲ್ಲಿ ಅವನು ಹುಡುಕಿರಬೇಕು. ಈ ಆಯ್ಕೆಯಲ್ಲಿ ಅವನು ಚಿತ್ರಕಾರನಿಗೆ ಯಾವ ರೀತಿಯಲ್ಲೂ ಕಡಿಮೆಯಲ್ಲ.

ಭಾರತದಲ್ಲಿ ‘ಪರ್ಚಿನ್‌ಕಾರಿ’ ಎಂದು ಹೆಸರಾದ ಮೊಗಲರ ಕಾಲದ ಕಲ್ಲುಕೆಲಸವು ಫ್ಲಾರೆನ್ಸಿಗೆ ಎಷ್ಟು ಋಣಿ ಎಂಬುದು ವಿದ್ವಾಂಸರ ನಡುವೆ ಹಳೆಯ ವಿವಾದ. ಆಗ್ರಾದ ಇತಿಮಾದುದ್ದೌಲನ ಗೋರಿಯಲ್ಲೂ ತಾಜಮಹಲಿನಲ್ಲೂ ಬಣ್ಣದ ಶಿಲೆಯ ತುಂಡುಗಳನ್ನು ಅಮೃತಶಿಲೆಯಲ್ಲಿ ಕೊರೆದ ಕುಳಿಗಳೊಳಗೆ ಕೂರಿಸಲಾಗಿದೆ; ಅಲ್ಲಿ ಬಿಳಿಯ ಹಿನ್ನೆಲೆಯೇ ಅಲಂಕಾರದ ಅರ್ಧಭಾಗ. ಫ್ಲಾರೆನ್ಸಿನಲ್ಲಾದರೋ ಹಿನ್ನೆಲೆಯೂ ಒಂದು ಕೊಯ್ದ ತುಂಡೇ. ಸಂಪರ್ಕವಂತೂ ಇದ್ದೇ ಇತ್ತು: ದೆಹಲಿಯ ಕೆಂಪುಕೋಟೆಯ ದಿವಾನ್-ಎ-ಆಮ್‌ನಲ್ಲಿ ಶಾಹಜಹಾನನ ಸಿಂಹಾಸನದ ಹಿಂದಿನ ಗೋಡೆಯಲ್ಲಿ, ವಾದ್ಯ ನುಡಿಸುವ ಆರ್ಫಿಯಸನ ಫಲಕವೂ ಸೇರಿದಂತೆ, ಇಟಲಿಯ ಫಲಕಗಳಿವೆ. ಕನ್ನಡನಾಡಿನಲ್ಲಿ ಈ ಪರಂಪರೆಯ ಕುರುಹನ್ನು ಮೈಸೂರು ಅರಮನೆಯ ಅಂಬಾವಿಲಾಸದ ನೆಲದಲ್ಲಿ ಕಾಣಬಹುದು.

ಫ್ಲಾರೆನ್ಸಿನ ಕಾರ್ಯಾಗಾರವು ಇಂದು ಕಲಾಕೃತಿಗಳ ಸಂರಕ್ಷಣೆಯ ಸರಕಾರಿ ಸಂಸ್ಥೆಯಾಗಿದ್ದು, ಹಳೆಯ ಉಪಕರಣಗಳು ಅದರ ವಸ್ತುಸಂಗ್ರಹಾಲಯದಲ್ಲಿವೆ. ಈ ಕೆಲಸದ ನಿಧಾನಗತಿಗೆ ಸಾನ್ ಲೊರೆನ್ಸೊ ಇಗರ್ಜಿಯ ರಾಜಕುಮಾರರ ಸಮಾಧಿಮಂದಿರವೇ ಸಾಕ್ಷಿ: 1604ರಲ್ಲಿ ಕಟ್ಟಲು ತೊಡಗಿದ ಆ ಮಂದಿರದ ಶಿಲಾಚಿತ್ರದ ನೆಲಹಾಸು ಪೂರ್ತಿಗೊಂಡದ್ದು 1962ರಲ್ಲಿ.