ಕಡ್ಡಿಯಿಲ್ಲದ ಗೇರುಪೆಟ್ಟಿಗೆ

ಮೋಟಾರು ವಾಹನದ ಚರಿತ್ರೆಯನ್ನು ಬರೆದವರು ಎಂಜಿನ್ನಿನ ಶಕ್ತಿಯನ್ನೂ ವೇಗದ ದಾಖಲೆಗಳನ್ನೂ ಕುರಿತು ಸಂಪುಟಗಟ್ಟಲೆ ಬರೆದಿರುವರಾದರೂ, ಬಾನೆಟ್ಟಿನ ಕೆಳಗೆ ಅರ್ಧ ಶತಮಾನದಷ್ಟು ಕಾಲ ಬಾಳಿ, ಬಳಿಕ ಸದ್ದಿಲ್ಲದೆ ಅಂತರ್ಧಾನ ಹೊಂದಿದ ಉಕ್ಕಿನ ಕಡ್ಡಿಯೊಂದನ್ನು ಕುರಿತು ಅವರು ನುಡಿದಿರುವುದು ಅತ್ಯಲ್ಪ. ಸ್ವಯಂಚಾಲಿತ ಗೇರುಪೆಟ್ಟಿಗೆಯೊಳಗಿನ ದ್ರವದ ಮಟ್ಟವನ್ನು ಅಳೆಯುತ್ತಿದ್ದ ಡಿಪ್‌ಸ್ಟಿಕ್ಕೇ ಆ ಕಡ್ಡಿ. ಅದು ಹೋದುದರಿಂದ ವಾಹನದ ಒಡೆಯನು ಒಂದು ಅಧಿಕಾರವನ್ನು ಕಳೆದುಕೊಂಡನೆಂಬುದು ನಿಜ; ಆದರೆ ಆ ಅಧಿಕಾರವನ್ನು ಆತನು ಎಷ್ಟು ವಿವೇಕದಿಂದ ಚಲಾಯಿಸುತ್ತಿದ್ದನೆಂಬುದೂ ವಿಚಾರಾರ್ಹವಾದುದೇ.

ಹಡಗಿನ ಟರ್ಬೈನಿನ ಮಹಾವೇಗವನ್ನು ಪ್ರೊಪೆಲರಿನ ಮಂದಗತಿಗೆ ಹೊಂದಿಸುವ ಉಪಾಯವನ್ನು ಅರಸುತ್ತಿದ್ದ ಹರ್ಮನ್ ಫೋಟಿಂಗರ್ ಎಂಬ ಜರ್ಮನ್ ಎಂಜಿನಿಯರನು, ಸ್ಟೆಟಿನ್ ನಗರದ ವುಲ್ಕನ್ ಹಡಗುಕಟ್ಟೆಯಲ್ಲಿದ್ದಾಗ, ಹಲ್ಲುಚಕ್ರಗಳ ನೆರವಿಲ್ಲದೆ ದ್ರವದ ಪ್ರವಾಹದಿಂದಲೇ ಶಕ್ತಿಯನ್ನು ದಾಟಿಸುವ ಯಂತ್ರಕ್ಕೆ 1905ರಲ್ಲಿ ಪೇಟೆಂಟ್ ಪಡೆದನು. ಒಂದು ತಲೆಮಾರಿನ ತರುವಾಯ ಅಮೆರಿಕದ ಜನರಲ್ ಮೋಟಾರ್ಸ್ ಸಂಸ್ಥೆಯಲ್ಲಿ ಅರ್ಲ್ ಥಾಂಪ್ಸನ್ನನ ಮುಂದಾಳುತನದಲ್ಲಿ ದುಡಿದ ಎಂಜಿನಿಯರುಗಳು ಆ ತತ್ತ್ವವನ್ನು ಗ್ರಹಚಕ್ರಗಳ ಗೇರುಗಳೊಡನೆ ಕೂಡಿಸಿ, ಕ್ಲಚ್ಚಿನ ಪೆಡಲೇ ಬೇಡವಾದ ‘ಹೈಡ್ರಾ-ಮ್ಯಾಟಿಕ್’ ಎಂಬ ಗೇರುಪೆಟ್ಟಿಗೆಯನ್ನು ನಿರ್ಮಿಸಿದರು. 1939ರಲ್ಲಿ ಬೆಳಕು ಕಂಡ ಈ ಯಂತ್ರವು 1940ರ ಮಾದರಿಯ ಓಲ್ಡ್ಸ್‌ಮೊಬೈಲ್ ಕಾರುಗಳಿಗೆ 57 ಡಾಲರುಗಳ ಹೆಚ್ಚುವರಿ ಬೆಲೆಗೆ ದೊರೆಯುತ್ತಿದ್ದಿತು. ಅನತಿಕಾಲದಲ್ಲೇ ಯುದ್ಧವು ಬಂದೊದಗಲು, ಅದೇ ಪೆಟ್ಟಿಗೆಗಳು ಕ್ಯಾಡಿಲಾಕ್ ಎಂಜಿನ್ನುಗಳ ಜೋಡಿಯೊಡನೆ ಲಘು ಟ್ಯಾಂಕುಗಳ ಒಡಲನ್ನು ಸೇರಿ, ಕಾರಿನ ಗಿರಾಕಿಗಳು ಎಂದಿಗೂ ನೀಡಲಾರದಂಥ ಕಠಿನ ಪರೀಕ್ಷೆಗೆ ಗುರಿಯಾದುವು.

ಈ ಪೆಟ್ಟಿಗೆಯೊಳಗಿನ ದ್ರವವನ್ನು ಕೇವಲ ಎಣ್ಣೆಯೆಂದು ಬಗೆಯುವುದು ತಪ್ಪು. ಎಂಜಿನ್ನಿನ ಶಕ್ತಿಯನ್ನು ಗಾಲಿಯತ್ತ ಒಯ್ಯುವುದು, ಒತ್ತಡದಿಂದ ಕವಾಟಗಳನ್ನು ನಡೆಸುವುದು, ಬಿಸಿಯನ್ನು ಹೊರಕ್ಕೆ ಸಾಗಿಸುವುದು, ಹಲ್ಲುಗಳು ಸವೆಯದಂತೆ ಕಾಯುವುದು ಇವೆಲ್ಲವೂ ಅದರ ಪಾಲಿನ ಕೆಲಸವಾಗಿರುವುದರ ಜತೆಗೆ, ಜಾರಿಸುವ ಗುಣವುಳ್ಳ ಅದೇ ದ್ರವದಲ್ಲಿ ಮುಳುಗಿರುವ ಕ್ಲಚ್ಚಿನ ಬಿಲ್ಲೆಗಳು ಸಕಾಲದಲ್ಲಿ ಜಾರದೆ ಒಂದನ್ನೊಂದು ಹಿಡಿಯಬೇಕೆಂಬ ಪರಸ್ಪರ ವಿರುದ್ಧವಾದ ಅಪೇಕ್ಷೆಯನ್ನೂ ಅದು ಪೂರೈಸಬೇಕು. ಜನರಲ್ ಮೋಟಾರ್ಸ್ 1949ರಲ್ಲಿ ‘ಟೈಪ್ ಎ’ ಎಂಬ ನಿಯಮಾವಳಿಯನ್ನು ಹೊರಡಿಸಿತು. ಷಿಕಾಗೋದ ಆರ್ಮರ್ ಸಂಶೋಧನ ಪ್ರತಿಷ್ಠಾನದಲ್ಲಿ ಪರೀಕ್ಷೆಗೊಂಡು ತೇರ್ಗಡೆಯಾದ ದ್ರವದ ಡಬ್ಬಿಯ ಮೇಲೆ ‘ಎಕ್ಯೂ-ಎಟಿಎಫ್’ ಎಂಬ ಅಕ್ಷರಗಳೂ ಒಂದು ಸಂಖ್ಯೆಯೂ ಇರುತ್ತಿದ್ದುವು. ಆ ವಿರುದ್ಧ ಗುಣಗಳನ್ನು ಒಂದೆಡೆ ಕೂಡಿಸಲು ಅಂದಿನ ರಸಾಯನಜ್ಞರು ಮೊರೆಹೊಕ್ಕದ್ದು ಯಾವುದನ್ನೆಂದರೆ, ತಿಮಿಂಗಿಲದಿಂದ ತೆಗೆದ ಎಣ್ಣೆಯನ್ನು! ದೀಪಕ್ಕಾಗಿ ಬೇಟೆಯಾಡಿಸಿಕೊಂಡು ಸೀಮೆಎಣ್ಣೆ ಬಂದ ಮೇಲೆ ತುಸು ಉಸಿರಾಡಿದ ಸ್ಪರ್ಮ್ ತಿಮಿಂಗಿಲವು ಮತ್ತೆ ಕಾರಿನ ಗೇರು ಮೆತ್ತಗೆ ಬೀಳಲೆಂದು ಪ್ರಾಣ ತೆರಬೇಕಾಯಿತೆಂಬುದು ನಾಗರಿಕತೆಯ ವಿಚಿತ್ರಗಳಲ್ಲೊಂದು. 1970ರಲ್ಲಿ ಅಮೆರಿಕವು ಆ ಪ್ರಾಣಿಯನ್ನು ಅಳಿವಿನಂಚಿನ ಜೀವಿಗಳ ಪಟ್ಟಿಗೆ ಸೇರಿಸಿದ ಮೇಲೆ ಎಣ್ಣೆಯ ಆಮದು ನಿಂತು, ದ್ರವದ ತಯಾರಕರು ಬದಲಿ ವಸ್ತುಗಳನ್ನು ಅರಸಬೇಕಾಯಿತು.

ಕಡ್ಡಿಯ ಕಾಲದಲ್ಲಿ ಪರೀಕ್ಷೆಗೆ ತನ್ನದೇ ಆದ ಒಂದು ವಿಧಿಯಿತ್ತು. ಎಂಜಿನ್ನಿನ ಎಣ್ಣೆಯನ್ನು ಎಂಜಿನ್ ನಿಲ್ಲಿಸಿ ನೋಡುವುದು ವಾಡಿಕೆ. ಇದನ್ನಾದರೋ ಸಮತಲದ ನೆಲದಲ್ಲಿ ಕಾರನ್ನು ನಿಲ್ಲಿಸಿ, ದ್ರವವು ಚೆನ್ನಾಗಿ ಬಿಸಿಯೇರಿದ ಮೇಲೆ, ಎಂಜಿನ್ ನಡೆಯುತ್ತಿರುವಾಗಲೇ, ಗೇರಿನ ಹಿಡಿಯನ್ನು ಒಂದೊಂದು ಸ್ಥಾನಕ್ಕೂ ತಂದು ಮತ್ತೆ ಪಾರ್ಕಿಗೆ ಮರಳಿಸಿ ನೋಡಬೇಕಾಗಿತ್ತು, ಏಕೆಂದರೆ ಎಂಜಿನ್ ನಿಂತರೆ ಪಂಪು ನಿಂತು, ದ್ರವವು ತಳದ ತಟ್ಟೆಗೆ ಇಳಿದು ಮಟ್ಟವು ಸುಳ್ಳಾಗಿ ಏರಿ ತೋರುವುದು. ಇದರಲ್ಲೂ ಮನೆತನಕ್ಕೊಂದು ಸಂಪ್ರದಾಯ: ಕ್ರೈಸ್ಲರಿನವರು ಹಿಡಿಯನ್ನು ನ್ಯೂಟ್ರಲಿನಲ್ಲಿಡಬೇಕೆಂದರು, ಹೊಂಡಾದವರು ಎಂಜಿನ್ನನ್ನು ನಿಲ್ಲಿಸಿಯೇ ನೋಡಬೇಕೆಂದರು. ಕಡ್ಡಿಯನ್ನು ಎಳೆದು, ಒರೆಸಿ, ಮತ್ತೆ ಅದ್ದಿ ತೆಗೆದಾಗ ಅದರ ತುದಿಯ ಕೆಂಪು ದ್ರವವು ಮಟ್ಟವನ್ನು ಮಾತ್ರವಲ್ಲದೆ ಗೇರುಪೆಟ್ಟಿಗೆಯ ಆರೋಗ್ಯವನ್ನೂ ಹೇಳುತ್ತಿತ್ತು. ಕಂದಿದ ಬಣ್ಣ, ಸುಟ್ಟ ವಾಸನೆ, ಬೆರಳಿಗೆ ತಾಕುವ ಕಪ್ಪು ಪುಡಿ ಕಂಡುವೆಂದರೆ ನುರಿತ ಮೆಕ್ಯಾನಿಕ್ಕನು ಪೆಟ್ಟಿಗೆಯನ್ನು ಬಿಚ್ಚದೆಯೇ ಕ್ಲಚ್ಚುಗಳ ಗತಿಯನ್ನು ನುಡಿಯಬಲ್ಲವನಾಗಿದ್ದನು.

ಇಂಥ ಸರಳ ಸಾಧನವನ್ನು ತೆಗೆದುಹಾಕಿದ್ದೇಕೆ? 1990ರ ದಶಕದಲ್ಲಿ ಬಿಎಂಡಬ್ಲ್ಯು ತನ್ನ ಕಾರುಗಳಲ್ಲಿ ಕಡ್ಡಿಯನ್ನು ಬಿಟ್ಟಿತು. 1995ರಲ್ಲಿ ಬಂದ ಜನರಲ್ ಮೋಟಾರ್ಸಿನ ‘4ಟಿ40-ಇ’ ಪೆಟ್ಟಿಗೆಗೆ ಕಡ್ಡಿಯ ಬದಲು ಪಕ್ಕದಲ್ಲೊಂದು ಬಿರಡೆಯನ್ನಿಟ್ಟರು. 1996ರ ಮರ್ಸಿಡಿಸ್ ‘722.6’ ಪೆಟ್ಟಿಗೆಯಲ್ಲಂತೂ ಕಡ್ಡಿಯ ಕೊಳವೆಯನ್ನು ಉಳಿಸಿಕೊಂಡು ಕಡ್ಡಿಯನ್ನು ಮಾತ್ರ ತೆಗೆದು, ಬಾಯಿಗೆ ಮುಚ್ಚಳವಿಟ್ಟು, ಮುರಿಯದೆ ತೆಗೆಯಲಾಗದ ಪ್ಲಾಸ್ಟಿಕ್ ಮೊಳೆಯನ್ನು ಹೊಡೆದರು. ಅಳೆಯುವ ಕಡ್ಡಿಯು ಕಾರ್ಯಾಗಾರದ ಉಪಕರಣವಾಯಿತು. ಒಡೆಯನ ಮನೆಯ ಬೀಗದ ಕೈ ಅಕ್ಕಸಾಲಿಗನ ಬಳಿ ಸೇರಿದಂತಾಯಿತೆಂದು ಕೆಲವರು ಮುನಿದುದರಲ್ಲಿ ಆಶ್ಚರ್ಯವಿಲ್ಲ. ವ್ಯಾಪಾರದ ಲೋಭವೊಂದೇ ಇದಕ್ಕೆ ಕಾರಣವೆಂದು ತೀರ್ಮಾನಿಸುವುದು ಮಾತ್ರ ನನಗೆ ಒಪ್ಪಿಗೆಯಿಲ್ಲ. ಕಡ್ಡಿಯ ಬಾಯಿಯಿಂದಲೇ ಧೂಳು ಒಳಹೊಕ್ಕಿತು. ತಣ್ಣಗಿರುವಾಗ ನೋಡಿ ಕಡಿಮೆಯೆಂದು ಭ್ರಮಿಸಿ ಸುರಿದ ದ್ರವವು ಬಿಸಿಯಲ್ಲಿ ಉಕ್ಕಿ, ತಿರುಗುವ ಗೇರುಗಳ ಕಡೆತಕ್ಕೆ ಸಿಕ್ಕಿ ನೊರೆಯಾಗಿ, ಒತ್ತಡವನ್ನು ಕೆಡಿಸಿತು. ಫೋರ್ಡಿನ ‘ಎಫ್’ ದ್ರವಕ್ಕೂ ಜನರಲ್ ಮೋಟಾರ್ಸಿನ ‘ಡೆಕ್ಸ್ರಾನ್’ ದ್ರವಕ್ಕೂ ಘರ್ಷಣೆಯ ಗುಣದಲ್ಲಿರುವ ಭೇದವನ್ನರಿಯದವರು ಕೈಗೆ ಸಿಕ್ಕಿದ ಡಬ್ಬಿಯನ್ನು ಬಗ್ಗಿಸಿದರು. ಹತ್ತು ಲೀಟರಿನಷ್ಟು ದ್ರವವು 20 ಡಿಗ್ರಿಯಿಂದ 80 ಡಿಗ್ರಿಗೆ ಕಾದರೆ ಅರ್ಧ ಲೀಟರಿನ ಆಸುಪಾಸು ಹಿಗ್ಗುವುದೆಂಬುದನ್ನು ನೆನೆದರೆ, ಉಷ್ಣತೆಯನ್ನರಿಯದ ಅಳತೆಯು ಎಷ್ಟು ನೆಚ್ಚತಕ್ಕುದೆಂಬುದು ತಿಳಿದೀತು. ಇಷ್ಟಾಗಿಯೂ, ದ್ರವವು ವಾಹನದ ಆಯುಷ್ಯವಿಡೀ ಬಾಳುವುದು, ಬದಲಿಸಬೇಕಾದುದಿಲ್ಲ ಎಂದು ಕೆಲವು ಕಾರು ತಯಾರಕರು ಸಾರಿದುದನ್ನು ನಾನು ಸಮರ್ಥಿಸಲಾರೆ. ಆ ಪೆಟ್ಟಿಗೆಗಳನ್ನೇ ತಯಾರಿಸುವ ಜರ್ಮನಿಯ ಜಡ್‌ಎಫ್ ಸಂಸ್ಥೆಯು 80,000ದಿಂದ 1,20,000 ಕಿಲೋಮೀಟರುಗಳ ನಡುವೆ, ಇಲ್ಲವೆ ಎಂಟು ವರ್ಷಗಳಿಗೊಮ್ಮೆ, ದ್ರವವನ್ನು ಬದಲಿಸಿರೆಂದು ತಾನೇ ಸಲಹೆ ಮಾಡುತ್ತದೆ.

ಕಡ್ಡಿ ಹೋದೆಡೆಯಲ್ಲಿ ಬಂದ ಉಪಾಯವು ನಮ್ಮ ಕೆರೆಗಳ ಕೋಡಿಯ ಉಪಾಯವೇ ಆಗಿದೆ. ತಟ್ಟೆಯ ತಳದಿಂದ ಒಂದು ಗಿಡ್ಡ ಕೊಳವೆಯು ಒಳಗೆ ನಿಯತವಾದ ಎತ್ತರಕ್ಕೆ ನಿಂತಿರುತ್ತದೆ. ಅದರ ಬಾಯಿಯವರೆಗೆ ತುಂಬಿದರೆ ಮಟ್ಟ ಸರಿ, ಮೀರಿದ್ದು ಕೋಡಿಬಿದ್ದು ಹೊರಹೋಗುವುದು. ಕಾರಿನ ನಾಲ್ಕು ಗಾಲಿಗಳನ್ನೂ ಒಂದೇ ಮಟ್ಟದಲ್ಲಿ ಎತ್ತಿ ನಿಲ್ಲಿಸಿ, ಎಂಜಿನ್ನನ್ನು ನಡೆಸುತ್ತ ಹಿಡಿಯನ್ನು ಎಲ್ಲ ಸ್ಥಾನಗಳಿಗೂ ಸುತ್ತಿಸಿ, ದ್ರವದ ಉಷ್ಣತೆಯನ್ನು ಸ್ಕ್ಯಾನರಿನಲ್ಲಿ ನೋಡುತ್ತ, ಅದು ನಿಗದಿತ ಡಿಗ್ರಿಗೆ ಬಂದೊಡನೆ ಕೆಳಗಿನ ಬಿರಡೆಯನ್ನು ಬಿಚ್ಚುವರು. ದ್ರವವು ಧಾರೆಯಾಗಿ ಸುರಿದರೆ, ಅದು ತೊಟ್ಟಿಕ್ಕುವವರೆಗೆ ಕಾಯುವರು; ಏನೂ ಬಾರದಿದ್ದರೆ, ಮೇಲಣ ರಂಧ್ರದಿಂದ ಕೋಡಿ ಬೀಳುವತನಕ ಪಂಪಿನಿಂದ ತುಂಬುವರು; ಆ ಬಳಿಕ ಹೊಸ ವಾಷರಿಟ್ಟು ಬಿಗಿಯುವರು. ಇಲ್ಲಿ ಉಷ್ಣತೆಯೇ ಅಳತೆಗೋಲು: 2003ರಲ್ಲಿ ಬಂದ ಮರ್ಸಿಡಿಸಿನ ಏಳು ಗೇರಿನ ಪೆಟ್ಟಿಗೆಗೆ 45 ಡಿಗ್ರಿ, ಟೊಯೊಟಾದ ಹಲವು ಪೆಟ್ಟಿಗೆಗಳಿಗೆ 40 ಡಿಗ್ರಿಯ ಸುತ್ತಮುತ್ತ. ಸ್ಕ್ಯಾನರಿಲ್ಲದವರಿಗಾಗಿ ಟೊಯೊಟಾದ ಎಂಜಿನಿಯರುಗಳು ಒಂದು ಚಮತ್ಕಾರವನ್ನು ಮಾಡಿಟ್ಟಿದ್ದಾರೆ. ಡ್ಯಾಷ್‌ಬೋರ್ಡಿನಡಿಯ ಸಾಕೆಟ್ಟಿನ 4 ಮತ್ತು 13ನೆಯ ತೂತುಗಳನ್ನು ತುಂಡು ತಂತಿಯಿಂದ ಕೂಡಿಸಿ, ಹಿಡಿಯನ್ನು ‘ಎನ್’ ‘ಡಿ’ಗಳ ನಡುವೆ ಆರು ಸೆಕೆಂಡು ಆಡಿಸಿದರೆ, ‘ಡಿ’ ದೀಪವೇ ಉಷ್ಣಮಾಪಕವಾಗಿಬಿಡುತ್ತದೆ. ದೀಪ ಆರಿದ್ದರೆ ದ್ರವ ತಣ್ಣಗಿದೆ, ನಿಶ್ಚಲವಾಗಿ ಉರಿದರೆ ಸರಿಯಿದೆ, ಮಿನುಗಿದರೆ ಮಿತಿಮೀರಿ ಕಾದಿದೆ.

ನಮ್ಮ ನಾಡಿನಲ್ಲಿ ಬಹುಮಂದಿಗೆ ಕ್ಲಚ್ಚಿಲ್ಲದ ವಾಹನದ ಪ್ರಥಮ ಪರಿಚಯವಾದುದು ಸ್ವಂತ ಕಾರಿನಿಂದಲ್ಲ, ಈ ಶತಮಾನದ ಮೊದಲ ದಶಕದಲ್ಲಿ ಬೆಂಗಳೂರಿನ ಬೀದಿಗಿಳಿದ ವೋಲ್ವೊ ‘ವಜ್ರ’ ಬಸ್ಸುಗಳಿಂದ. ಅವುಗಳ ದ್ರವದ ಯೋಗಕ್ಷೇಮ ಡಿಪೋದವರದಾದ್ದರಿಂದ ಪ್ರಯಾಣಿಕನು ಅದನ್ನು ಯೋಚಿಸಬೇಕಾಗಿರಲಿಲ್ಲ. ಬಿಡದಿಯಲ್ಲಿ ತಯಾರಾದ ಇನ್ನೋವಾ ಕ್ರಿಸ್ಟಾದ ಆರು ಗೇರಿನ ಸ್ವಯಂಚಾಲಿತ ಮಾದರಿಗಳು 2016ರಿಂದ ಊರೂರಿಗೆ ಹರಡಿದ ಮೇಲೆ ಈ ಕೋಡಿಯ ವಿದ್ಯೆಯು ಸಣ್ಣ ಗ್ಯಾರೇಜುಗಳಿಗೂ ಬೇಕಾಯಿತು. ಹಳೆಯ ಕಸಬುದಾರರಲ್ಲಿ ಕೆಲವರು ಇದನ್ನು ಗೊಣಗುತ್ತಲೇ ಕಲಿಯುತ್ತಾರೆ. ಕಲಿತವರು ಮೊದಲು ಪಾಲಿಸುವ ಕಟ್ಟಳೆಯೊಂದಿದೆ: ತುಂಬುವ ಬೋಲ್ಟು ತುಕ್ಕು ಹಿಡಿದಿರದೆ ಸಡಿಲುವುದೆಂದು ಕೈಯಾರೆ ತಿರುಗಿಸಿ ಖಚಿತಪಡಿಸಿಕೊಂಡ ಹೊರತು, ದ್ರವವನ್ನು ಖಾಲಿಮಾಡುವ ಬೋಲ್ಟಿಗೆ ಅವರು ಸ್ಪಾನರನ್ನು ತಾಗಿಸುವುದಿಲ್ಲ.